ರೇಟು ಹಾಕುವುದು ಕೊನೆಯ ಕೆಲಸ: ಚಿಕ್ಕ ವರ್ಕ್‌ಶಾಪಿನವರಿಗೆ ಸರ್ಕಾರಿ ಟೆಂಡರ್

ಮೊದಲ ಸಲ ಟೆಂಡರ್ ಹಾಕಿದಾಗ ನನ್ನ ರೇಟಿನ ಕವರನ್ನು ಯಾರೂ ತೆರೆಯಲೇ ಇಲ್ಲ. ಟರ್ನೋವರ್ ಸರ್ಟಿಫಿಕೇಟಿನಲ್ಲಿ ಯುಡಿಐಎನ್ ನಂಬರ್, ಅಂದರೆ ಅದು ಆಡಿಟರೇ ಕೊಟ್ಟ ಅಸಲಿ ಪತ್ರ ಎಂದು ತೋರಿಸುವ ನಂಬರ್, ಇರಲಿಲ್ಲ. ಆಡಿಟರು ಬರೆದುಕೊಟ್ಟಿದ್ದನ್ನು ನಾನು ಸರಿಯಾಗಿ ನೋಡದೆ ಸ್ಕ್ಯಾನ್ ಮಾಡಿ ಹಾಕಿಬಿಟ್ಟಿದ್ದೆ. ದಾಖಲೆಗಳಿರುವ ತಾಂತ್ರಿಕ ಕವರಿನಲ್ಲೇ ಹೊರಗೆ. ಅದು ಪಾಸಾದರೆ ಮಾತ್ರ ರೇಟಿನ ಕವರ್ ತೆರೆಯುತ್ತಾರೆ. ಮೂರು ರಾತ್ರಿ ಕೂತು ಹಾಕಿದ ಲೆಕ್ಕವೆಲ್ಲ ಎರಡನೇ ಕವರಿನಲ್ಲಿ ಹಾಗೇ ಉಳಿಯಿತು.

ನಮ್ಮದು ಆರು ಜನರ ಫ್ಯಾಬ್ರಿಕೇಶನ್ ಘಟಕ. ಸ್ಟೀಲ್ ರ‍್ಯಾಕ್, ಬೀರು, ಶಾಲೆಯ ಡೆಸ್ಕ್ ಮಾಡುತ್ತೇವೆ. "ಟೆಂಡರ್ ಹೇಗೆ ಹಾಕೋದು ಅಣ್ಣಾ?" ಎಂದು ಕೇಳುವವರೆಲ್ಲ ಮೊದಲು ರೇಟಿನ ಬಗ್ಗೆಯೇ ಕೇಳುತ್ತಾರೆ. ಅದಕ್ಕೆ ಕೊನೆಯಲ್ಲಿ ಬರೋಣ.

ಮೊದಲು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ, ಮಾಡಿಸಿ. 2020ರ ಜುಲೈ 1ರಿಂದ ಇದು ಆನ್‌ಲೈನಿನಲ್ಲಿದೆ, ಪೂರ್ತಿ ಉಚಿತ. ಸೈಬರ್ ಸೆಂಟರಿನಲ್ಲಿ ಸರ್ಕಾರಿ ಫೀಸು ಎಂದು ಕೇಳಿದರೆ ಕೊಡಬೇಡಿ, ಅಂಥ ಫೀಸೇ ಇಲ್ಲ. 2025ರ ಏಪ್ರಿಲ್‌ನಿಂದ ಯಂತ್ರಗಳ ಮೇಲಿನ ಬಂಡವಾಳ 2.5 ಕೋಟಿ, ವಹಿವಾಟು 10 ಕೋಟಿ ಮೀರದಿದ್ದರೆ ನೀವು ಮೈಕ್ರೋ, ಅಂದರೆ ಅತಿ ಸಣ್ಣ ಘಟಕ. ನೀವೇ ತಯಾರಿಸುವವರಾದರೆ ನೋಂದಣಿಯಲ್ಲೂ ತಯಾರಿಕೆ ಎಂದೇ ಇರಲಿ. ಬರೀ ವ್ಯಾಪಾರ ಎಂದಿದ್ದರೆ ಮುಂದೆ ಹೇಳುವ ರಿಯಾಯಿತಿಗಳು ಸಿಗುವುದಿಲ್ಲ.

ಆಮೇಲೆ ಡಿಜಿಟಲ್ ಸಹಿ, ಅಂದರೆ ಡಿಎಸ್‌ಸಿ. ಕ್ಲಾಸ್ 3 ಬೇಕು. ಸಹಿ ಮತ್ತು ಎನ್‌ಕ್ರಿಪ್ಷನ್ ಎರಡೂ ಇರುವುದನ್ನೇ ತಗೊಳ್ಳಿ. ಪ್ಯಾನ್, ಜಿಎಸ್‌ಟಿ, ಮೂರು ವರ್ಷದ ಬ್ಯಾಲೆನ್ಸ್ ಶೀಟ್, ಹಳೇ ವರ್ಕ್ ಆರ್ಡರ್, ಕೆಲಸ ಮುಗಿಸಿದ ಪತ್ರ, ಇವೆಲ್ಲ ಒಂದು ಫೋಲ್ಡರಿನಲ್ಲಿ ಸ್ಕ್ಯಾನ್ ಆಗಿರಲಿ. ಒಂದು ಕಡೆ ಅಂಗಡಿ ಹೆಸರು, ಇನ್ನೊಂದು ಕಡೆ ಮಾಲೀಕರ ಹೆಸರು ಇದ್ದರೆ ಈಗಲೇ ಸರಿಮಾಡಿಕೊಳ್ಳಿ.

ಟೆಂಡರ್ ಎಲ್ಲಿ ಸಿಗುತ್ತದೆ? ಕೇಂದ್ರದ ಖರೀದಿಗೆ 2016ರಲ್ಲಿ ಶುರುವಾದ ಜೆಮ್ ಪೋರ್ಟಲ್. ಕೇಂದ್ರದ ಬೇರೆ ಟೆಂಡರುಗಳಿಗೆ ಇಪ್ರೊಕ್ಯೂರ್ ತಾಣ. ಕರ್ನಾಟಕದ ಇಲಾಖೆಗಳಿಗೆ ರಾಜ್ಯದ ಖರೀದಿ ಪೋರ್ಟಲ್ ಕೆಪಿಪಿಪಿ. ರಾಜ್ಯದ ಖರೀದಿ ನಡೆಯುವುದು 1999ರ ಪಾರದರ್ಶಕತೆ ಕಾಯ್ದೆಯಂತೆ. ಜನ ಕೆಟಿಪಿಪಿ ಎನ್ನುವುದು ಇದಕ್ಕೇ. ಮೂರೂ ಕಡೆ ಹುಡುಕುವುದು ಪುಕ್ಕಟೆ. ನಾನು ದಿನಾ ಬೆಳಿಗ್ಗೆ ಟೀ ಕುಡಿಯುವಾಗ ಹತ್ತು ನಿಮಿಷ ನೋಡುತ್ತೇನೆ.

ಹೀಗೆ ಕಣ್ಣಿಗೆ ಬಿದ್ದ ಹತ್ತರಲ್ಲಿ ಎಂಟನ್ನು ನಾನು ಬಿಟ್ಟುಬಿಡುತ್ತೇನೆ. ಇದನ್ನು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು.

ಟೆಂಡರ್ ದಾಖಲೆ ಎಪ್ಪತ್ತು ಪುಟ ಇರುತ್ತದೆ. ನಾನು ಮೊದಲು ನೋಡುವುದು ಅರ್ಹತೆ: ಎಷ್ಟು ಟರ್ನೋವರ್, ಎಷ್ಟು ವರ್ಷದ ಅನುಭವ. ಇದಕ್ಕೆ ನಾವು ಹೊಂದದಿದ್ದರೆ ಅಲ್ಲಿಗೇ ಮುಚ್ಚಿಡುತ್ತೇನೆ. ಎರಡನೆಯದು ಮಾಲು ಎಲ್ಲಿಗೆ ತಲುಪಿಸಬೇಕು ಎಂಬುದು. ಇನ್ನೂರು ಡೆಸ್ಕ್ ಒಂದೇ ಗೋದಾಮಿಗೋ, ನಲವತ್ತು ಶಾಲೆಗೆ ಐದೈದೋ? ಎರಡಕ್ಕೂ ಲಾರಿ ಬಾಡಿಗೆ ಅಜಗಜಾಂತರ. ಮೂರನೆಯದು ದಿನ ಮತ್ತು ದಂಡ. ನಾಲ್ಕನೆಯದು ಹಣ ಯಾವಾಗ ಕೊಡುತ್ತಾರೆ ಎನ್ನುವುದು. ಇಷ್ಟೂ ಒಪ್ಪಿಗೆಯಾದರೆ ಮಾತ್ರ ಸ್ಪೆಸಿಫಿಕೇಶನ್ ಓದುತ್ತೇನೆ. ಶೀಟು 0.8 ಎಂಎಂ ಅಂದರೆ 0.8 ಎಂಎಂ. 'ಸ್ವಲ್ಪ ತೆಳ್ಳಗಿದ್ರೆ ಯಾರಿಗೆ ಗೊತ್ತಾಗುತ್ತೆ' ಎಂಬ ಯೋಚನೆ ಬೇಡ. ಅಳೆಯುವ ಕಡ್ಡಿ ಅವರ ಹತ್ತಿರವೂ ಇರುತ್ತದೆ.

ಸ್ಪೆಸಿಫಿಕೇಶನ್ ಯಾವುದೋ ಒಂದು ಕಂಪನಿಯ ಕ್ಯಾಟಲಾಗ್ ನೋಡಿಯೇ ಬರೆದಂತಿದ್ದರೆ, ಟೆಂಡರ್ ಹಾಕುವ ಮುಂಚೆ ಅನುಮಾನ ಕೇಳಲು ಇಲಾಖೆ ಕರೆಯುವ ಪ್ರೀ-ಬಿಡ್ ಸಭೆಗೆ ಮುಂಚೆಯೇ ಲಿಖಿತವಾಗಿ ಕೇಳಿ. ನಾನು ಒಮ್ಮೆ ಒಂದು ವಿಚಿತ್ರ ಅಳತೆಯ ಬಗ್ಗೆ ಕೇಳಿದ್ದೆ. ತಿದ್ದುಪಡಿ ಬಂತು, ಆ ಅಳತೆ ಹೋಯಿತು. "ಎಲ್ಲಾ ಮೊದಲೇ ಫಿಕ್ಸ್ ಆಗಿರುತ್ತೆ" ಎನ್ನುವವರು ಇದ್ದೇ ಇರುತ್ತಾರೆ. ಕೆಲವು ಕಡೆ ಆಗಿರಲೂಬಹುದು. ಹಾಗಂತ ಕೇಳದೆ ಕೂರುವುದೇಕೆ? ತಿದ್ದುಪಡಿ ಕೊನೆಯ ದಿನದವರೆಗೂ ಬರಬಹುದು, ಆದ್ದರಿಂದ ಹಾಕುವ ಮುಂಚೆ ಇನ್ನೊಮ್ಮೆ ಪೋರ್ಟಲ್ ನೋಡಿ.

ಇಎಂಡಿ, ಅಂದರೆ ಟೆಂಡರ್ ಜೊತೆ ಇಡಬೇಕಾದ ಠೇವಣಿ, ಇದರ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. 2012ರ ಕೇಂದ್ರ ಖರೀದಿ ನೀತಿಯಂತೆ ಮೈಕ್ರೋ ಮತ್ತು ಸಣ್ಣ ಘಟಕಗಳಿಗೆ ಇಎಂಡಿ ಇಲ್ಲ, ಟೆಂಡರ್ ಫಾರಂ ಉಚಿತ. ಆದರೆ ಅದು ಕೇಂದ್ರದ ಇಲಾಖೆಗಳಿಗೆ, ಕೇಂದ್ರದ ಕಂಪನಿಗಳಿಗೆ ಮಾತ್ರ. ರಾಜ್ಯದ ಟೆಂಡರಿನಲ್ಲಿ ಉದ್ಯಮ್ ಪತ್ರ ಲಗತ್ತಿಸಿ ಸುಮ್ನೆ ಕೂತರೆ ಕೆಲಸ ಕೆಡುತ್ತದೆ. ಅಲ್ಲಿ ವಿನಾಯಿತಿ ಇದೆಯೋ ಇಲ್ಲವೋ ಆ ದಾಖಲೆಯಲ್ಲೇ ನೋಡಬೇಕು.

ಅದೇ ಕೇಂದ್ರ ನೀತಿಯಲ್ಲಿ ಇನ್ನೊಂದು ಒಳ್ಳೆಯ ಅಂಶವಿದೆ. ದೊಡ್ಡ ಕಂಪನಿಯೊಂದು 100 ರೂಪಾಯಿಗೆ ಎಲ್1, ಅಂದರೆ ಎಲ್ಲರಿಗಿಂತ ಕಡಿಮೆ ರೇಟಿನವರು, ಆಯಿತು, ನೀವು 112 ಹಾಕಿದ್ದೀರಿ ಎಂದುಕೊಳ್ಳಿ. ಶೇ. 15ರ ಒಳಗಿದ್ದೀರಿ. ಆ 100ಕ್ಕೆ ಇಳಿಯಲು ಒಪ್ಪಿದರೆ, ಹಂಚಬಹುದಾದ ಆರ್ಡರ್ ಆಗಿದ್ದರೆ, ಶೇ. 25ರಷ್ಟು ನಿಮ್ಮಂಥ ಸಣ್ಣವರಿಗೆ ಸಿಗಬೇಕು. ಸಿವಿಲ್ ಕಾಮಗಾರಿಗೆ ಇದು ಇಲ್ಲ.

ಈಗ ರೇಟು. ಶೀಟು, ಪೌಡರ್ ಕೋಟಿಂಗ್, ಕೂಲಿ, ವೇಸ್ಟೇಜ್ ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಬೇರೆ. ಒಂದು ಆಫೀಸಿಗೆ ಬೀರು ಕೊಟ್ಟಾಗ ಅವರ ರೆಕಾರ್ಡ್ ರೂಮ್ ಮೂರನೇ ಮಹಡಿಯಲ್ಲಿತ್ತು, ಲಿಫ್ಟ್ ಇಲ್ಲ. ಹಮಾಲಿಯಲ್ಲೇ ನನ್ನ ಲಾಭ ಮೆಟ್ಟಿಲು ಹತ್ತಿತು! ಆಮೇಲೆ ಜಿಎಸ್‌ಟಿ. 5 ಲಕ್ಷದ ಬಿಲ್ಲಿಗೆ ಶೇ. 18 ಅಂದರೆ 90,000. ಇಲಾಖೆ ಹಣ ಕೊಡಲಿ ಬಿಡಲಿ, ಪ್ರತಿ ತಿಂಗಳು ರಿಟರ್ನ್ ಹಾಕುವವರು ಇನ್‌ಪುಟ್, ಅಂದರೆ ಮಾಲು ಕೊಳ್ಳುವಾಗ ಕೊಟ್ಟ ಜಿಎಸ್‌ಟಿ, ಕಳೆದು ಉಳಿದದ್ದನ್ನು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಗುತ್ತಿಗೆ ಎರಡೂವರೆ ಲಕ್ಷ ದಾಟಿದರೆ ಇಲಾಖೆ ಶೇ. 2 ಜಿಎಸ್‌ಟಿ ಟಿಡಿಎಸ್ ಹಿಡಿಯುತ್ತದೆ. ಅದು ಜಿಎಸ್‌ಟಿ ಪೋರ್ಟಲಿನ ನಿಮ್ಮ ಕ್ಯಾಶ್ ಲೆಡ್ಜರ್ ಖಾತೆಗೆ ಬರುತ್ತದೆ, ಕೈಗೆ ಬರುವುದಿಲ್ಲ. ಅಷ್ಟು ದಿನ ಸಿಕ್ಕಿಕೊಳ್ಳುವ ದುಡ್ಡಿಗೆ ಬಡ್ಡಿ ಎಷ್ಟು? ನಾನು ನಾಲ್ಕು ತಿಂಗಳ ಬಡ್ಡಿ ಸೇರಿಸುತ್ತೇನೆ. ಹಾಗೆ ಸೇರಿಸಿದ ರೇಟಿನಲ್ಲಿ ಗೆಲ್ಲುವುದಿಲ್ಲ ಎನಿಸಿದರೆ ಹಾಕುವುದೇ ಇಲ್ಲ.

ಜೆಮ್‌ನಲ್ಲಿ ರಿವರ್ಸ್ ಆಕ್ಷನ್, ಅಂದರೆ ರೇಟು ಇಳಿಸುತ್ತಾ ಹೋಗುವ ಹರಾಜು, ಬಂದರೆ ಹುಷಾರು. ಕೊನೆ ನಿಮಿಷಗಳಲ್ಲಿ ಯಾರಾದರೂ ಇಳಿಸಿದರೆ ಸಮಯ ಮುಂದಕ್ಕೆ ಹೋಗುತ್ತದೆ, ಇಸ್ಪೀಟಿನ ಹಾಗೆ ಹಠ ಹುಟ್ಟುತ್ತದೆ. ನನ್ನ ಕೊನೆಯ ರೇಟನ್ನು ಚೀಟಿಯಲ್ಲಿ ಬರೆದು ಹೆಂಡತಿಯ ಕೈಗೆ ಕೊಟ್ಟಿರುತ್ತೇನೆ. ಅದಕ್ಕಿಂತ ಕೆಳಗೆ ಹೋದರೆ ಲ್ಯಾಪ್‌ಟಾಪ್ ಮುಚ್ಚುವ ಅಧಿಕಾರ ಅವಳದು. ಎರಡು ಸಲ ಮುಚ್ಚಿದ್ದಾಳೆ.

ಸಲ್ಲಿಸುವುದು ಹಿಂದಿನ ದಿನವೇ ಆಗಲಿ. ಕೊನೆಯ ಗಂಟೆಯಲ್ಲಿ ಡಿಎಸ್‌ಸಿ ಟೋಕನ್ ಕೈಕೊಡುತ್ತದೆ, ಪೋರ್ಟಲ್ ತಿರುಗುತ್ತಾ ನಿಲ್ಲುತ್ತದೆ.

ಸೋತರೆ ಗೆದ್ದವರ ರೇಟನ್ನು ಬರೆದಿಡಿ, ಮುಂದಿನ ಸಲಕ್ಕೆ ಅದೇ ಅಳತೆಗೋಲು. ರಾಜ್ಯದ ಟೆಂಡರಿನಲ್ಲಿ ಅನ್ಯಾಯವಾಗಿದೆ ಎನಿಸಿದರೆ ಕೆಟಿಪಿಪಿ ಕಾಯ್ದೆಯ 16ನೇ ಸೆಕ್ಷನ್‌ನಡಿ ಮೇಲ್ಮನವಿಗೆ 30 ದಿನ ಇರುತ್ತದೆ.

ಗೆದ್ದರೆ ನಿಜವಾದ ಪರದಾಟ ಬಿಲ್ಲಿನದು. ತಯಾರಿಕೆ ಅಥವಾ ಸೇವೆ ಕೊಡುವ ಮೈಕ್ರೋ, ಸಣ್ಣ ಘಟಕಗಳಿಗೆ 2006ರ ಎಂಎಸ್‌ಎಂಇ ಕಾಯ್ದೆಯಂತೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಎಂಎಸ್‌ಎಂಇ ಸಚಿವಾಲಯದ ಪೋರ್ಟಲಿನಲ್ಲಿ ದೂರು ಕೊಡಬಹುದು. ಆದರೆ ಮಾಲು ಯಾವತ್ತು ತಲುಪಿತು ಎಂಬುದಕ್ಕೆ ಸಾಕ್ಷಿ ಬೇಕಲ್ವಾ? ಒಂದು ಕಚೇರಿಯಿಂದ ಏಳು ತಿಂಗಳು ಹಣ ಬರಲಿಲ್ಲ. ದೂರು ಬರೆಯಲು ಕೂತಾಗ ನೋಡಿದರೆ ಡೆಲಿವರಿ ಚಲನ್ ಮೇಲೆ ಸಹಿ ಇತ್ತು, ತಾರೀಖೂ ಇಲ್ಲ, ಸೀಲೂ ಇಲ್ಲ. ಈಗ ಲಾರಿ ಹೊರಡುವ ಮುಂಚೆ ಡ್ರೈವರಿಗೆ ನಾನೇ ಹೇಳಿ ಕಳಿಸುತ್ತೇನೆ: ಸಹಿ, ಸೀಲು, ತಾರೀಖು ಮೂರೂ ಬೀಳುವವರೆಗೆ ಹಗ್ಗ ಬಿಚ್ಚಬೇಡ.