ಆರ್ಕಿಡ್‌ಗೆ ಹುಳ ಬಿತ್ತೇ? ಮೊದಲು ಹತ್ತಿ ಕೈಗೆ ತಗೊಳ್ಳಿ

ಗಿಡದಲ್ಲಿ ಬಿಳಿ ಹಿಟ್ಟು ಕಂಡರೆ ಸಾಕು, ಔಷಧಿ ತಂದು ಹೊಡೆಯುತ್ತಾರೆ ಈಗಿನ ಮಕ್ಕಳು. ಅದೂ ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ, ಮಟಮಟ ಮಧ್ಯಾಹ್ನ! ಎಲೆ ಸುಡುತ್ತದೆ, ಹುಳ ಹಾಗೇ ಇರುತ್ತದೆ. ಆಮೇಲೆ ನಮ್ಮೂರಿಗೆ ಆರ್ಕಿಡ್ ಆಗಲ್ಲ ಅನ್ನುವ ಮಾತು. ಯಾಕಾಗಲ್ಲ? ಹಸಿರು ನೆಟ್ ಕೆಳಗೆ ಡೆಂಡ್ರೋಬಿಯಂ ಅನ್ನುವ ಜಾತಿಯ ಆರ್ಕಿಡ್ ಚೆನ್ನಾಗಿಯೇ ಬರುತ್ತದೆ.

ಆ ಬಿಳಿ ಹಿಟ್ಟೇ ಹಿಟ್ಟು ತಿಗಣೆ ಅನ್ನುವ ಹುಳ. ಅದರ ಮೈಮೇಲೆ ಮೇಣ ಇರುತ್ತದೆ, ನೀರು ಜಾರಿ ಹೋಗುತ್ತದೆ. ಮೆಡಿಕಲ್ ಅಂಗಡಿಯ ಸ್ಪಿರಿಟ್‌ಗೆ ಆ ಮೇಣ ಕರಗುತ್ತದೆ. ಆದರೆ ಹುಳ ಅಡಗಿರುವ ಜಾಗ ಸಿಗಬೇಕಲ್ವಾ? ಡೆಂಡ್ರೋಬಿಯಂ ಕಾಂಡಕ್ಕೆ ಒಣಗಿದ ಬಿಳಿ ಸಿಪ್ಪೆ ಸುತ್ತಿರುತ್ತದೆ ನೋಡಿ, ಅದರೊಳಗೇ ಅವುಗಳ ಸಂಸಾರ. ಒಣ ಸಿಪ್ಪೆಯನ್ನು ಪರಪರ ಎಳೆಯಬೇಡಿ. ಒದ್ದೆ ಹತ್ತಿ ಒತ್ತಿ ಹಿಡಿದು ಮೆತ್ತಗಾಗಲು ಬಿಡಿ. ಮೇಲಿನ ಅಂಚನ್ನು ಉಗುರಿನಿಂದ ಉದ್ದಕ್ಕೆ ಸೀಳಿ, ಎರಡು ಎಳೆ ಮಾಡಿ ಎಡಕ್ಕೊಂದು ಬಲಕ್ಕೊಂದು ನಿಧಾನ ಇಳಿಸಿ. ಗಿಣ್ಣಿನಲ್ಲಿ ಸಣ್ಣ ಹಸಿರು ಮೊಳಕೆ ಇರುತ್ತದೆ, ಅದು ಮುರಿದರೆ ಅಲ್ಲಿ ಹೂವು ಹೋಯಿತು ಅಂತಲೇ ಲೆಕ್ಕ. ಈಗ ಕಿವಿಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ತೊಟ್ಟಿಕ್ಕದ ಹಾಗೆ ಹಿಂಡಿ, ಪ್ರತಿ ಗಿಣ್ಣಿನ ಸುತ್ತ, ಎಲೆಯ ಬುಡದಲ್ಲಿ ಒರೆಸಿ. ಕಡ್ಡಿ ಕಂದಾದರೆ ಬಿಸಾಕಿ, ಹೊಸದು ತಗೊಳ್ಳಿ. ಎಳೆ ಚಿಗುರಿನ ಸುಳಿಗೆ ಒಂದು ಹನಿಯೂ ಬೀಳಬಾರದು. ಗಿಡ ನೆರಳಲ್ಲಿರಲಿ, ಸ್ಪಿರಿಟ್ ಬಾಟಲಿ ಒಲೆಯ ಹತ್ತಿರ ಬೇಡವೇ ಬೇಡ. ಮೊಟ್ಟೆಗಳು ಒಡೆಯುತ್ತಲೇ ಇರುತ್ತವೆ, ಹಾಗಾಗಿ ವಾರಕ್ಕೊಮ್ಮೆ ಮತ್ತೆ ಒರೆಸಿ. ಒಂದು ಸಲ ಒರೆಸಿ ಕೈ ತೊಳೆದುಕೊಂಡರೆ ಏನೂ ಮಾಡದಂತೆಯೇ.

ನಮ್ಮಪ್ಪ ತೊಗರಿಗೆ ಕಾಯಿಕೊರಕ ಬಿದ್ದಾಗ ಕೆಳಗೆ ತಾಡಪತ್ರಿ ಹಾಸಿ, ಗಿಡ ಅಲುಗಾಡಿಸಿ ಹುಳ ಕೆಡವಿಸುತ್ತಿದ್ದ. ಔಷಧಿ ಆಮೇಲೆ. ಅದೂ ಬೇವಿನ ಬೀಜ ಕುಟ್ಟಿ, ರಾತ್ರಿಯೆಲ್ಲ ನೆನೆಸಿ ಸೋಸಿದ ಕಷಾಯ, ಹೊತ್ತು ಇಳಿದ ಮೇಲೆ. ಬೇವಿನ ಕಸುವು ಬಿಸಿಲಿಗೆ ನಿಲ್ಲಲ್ಲ. ಆರ್ಕಿಡ್‌ಗೂ ಬೇವಿನೆಣ್ಣೆಗೆ ಚೂರು ಸೋಪಿನ ನೀರು ಕಲಸಿ ಸಂಜೆಯೇ ಹೊಡೆಯಿರಿ. ಬೇವು ಅಂದಾಗ ನೆನಪಾಯಿತು, ಹಸಿ ಬೇವಿನೆಲೆಯನ್ನು ಜೋಳದ ಚೀಲಕ್ಕೆ ತುರುಕುತ್ತೀರಲ್ಲ, ಬೂಷ್ಟು ಹಿಡಿಯದೆ ಇನ್ನೇನಾಗುತ್ತದೆ? ನೆರಳಲ್ಲಿ ಗರಿಗರಿ ಒಣಗಿಸಿ ಹಾಕಿ.

ಕುಂಡಕ್ಕೆ ಇರುವೆ ಸಾಲುಗಟ್ಟಿದರೆ ಸುಮ್ನೆ ಬಿಡಬೇಡಿ. ತಿಗಣೆ ಸುರಿಸುವ ಸಿಹಿ ಅಂಟಿಗೆ ಬರುವ ಇರುವೆ, ತಿಗಣೆಯನ್ನು ಕಾದು ಸಾಕುತ್ತದೆ. ಕುಂಡ ಇಟ್ಟ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ, ಸೊಳ್ಳೆ ಮರಿ ಆಗದಂತೆ ನೀರು ಬದಲಿಸುತ್ತಿರಿ. ಬೇಸಿಗೆಯಲ್ಲಿ ಎಲೆ ಬೂದಿ ಬಣ್ಣಕ್ಕೆ ತಿರುಗಿದರೆ ಅದು ನುಸಿ, ಎಲೆಯ ರಸ ಹೀರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಒಣ ಹವೆ ಅಂದರೆ ಅದಕ್ಕೆ ಹಬ್ಬ. ಬೆಳಿಗ್ಗೆ ಎಲೆಯ ಕೆಳಭಾಗ ತೊಳೆಯಿರಿ. ನರ್ಸರಿಯಿಂದ ತಂದ ಗಿಡವನ್ನಂತೂ ಒಂದು ತಿಂಗಳಾದರೂ ದೂರ ಇಡಿ.