ಕಿಡಿ ಹಾರಿಸದೆ ಚಾರ್ಜ್ ಇಳಿಸುವುದು: ಆರ್ಕೇಡ್ ಮಾನಿಟರ್ ರಿಪೇರಿಯಲ್ಲಿ ನನ್ನ ಅನುಭವ

ಸ್ವಿಚ್ ಆರಿಸಿದ ಮೇಲೂ ಹಳೆಯ ಪಿಕ್ಚರ್ ಟ್ಯೂಬಿನಲ್ಲಿ ಚಾರ್ಜ್ ಉಳಿದಿರುತ್ತದೆ. ಟ್ಯೂಬಿನ ಆನೋಡ್ ಟೋಪಿಯ, ಅಂದರೆ ಹೈವೋಲ್ಟೇಜ್ ತಂತಿ ಸೇರುವಲ್ಲಿನ ರಬ್ಬರ್ ಮುಚ್ಚಳದ, ಅಡಿಗೆ ಸ್ಕ್ರೂಡ್ರೈವರ್ ತೂರಿಸಿ, ‘ಟಪ್’ ಎಂದು ಕಿಡಿ ಹಾರಿಸಿದರೆ ಡಿಸ್ಚಾರ್ಜ್ ಆಯಿತು ಎಂಬುದು ಮುಂಬಯಿಯ ಟಿವಿ ಮೆಕ್ಯಾನಿಕರಲ್ಲಿ ಬೇರೂರಿದ ಪದ್ಧತಿ. ನಾನು ಕೆಲಸ ಕಲಿತದ್ದೂ ಹಾಗೆಯೇ. ಆರ್ಕೇಡಿನ, ಅಂದರೆ ಗೇಮ್ ಪಾರ್ಲರಿನ, ಹಳೆಯ ವಿಡಿಯೋ ಗೇಮ್ ಮಾನಿಟರುಗಳಿಗೆ ಕೈ ಹಾಕಿದ ಮೇಲೆ ಆ ಪದ್ಧತಿಯನ್ನು ಬಿಟ್ಟು, ಚಾರ್ಜನ್ನು ಮೆಲ್ಲಗೆ ಇಳಿಸುವ ರೆಸಿಸ್ಟರುಗಳ ಉದ್ದನೆಯ ಕೋಲೊಂದನ್ನು ಮಾಡಿಕೊಂಡೆ. ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿನ ಗೆಳೆಯರು ಅದಕ್ಕೆ ‘ಪುಕ್ಕಲನ ಕೋಲು’ ಎಂದು ಹೆಸರಿಟ್ಟು ನಕ್ಕರು. ಅದರ ನಂತರ ಇಪ್ಪತ್ತರ ಹತ್ತಿರ ಮಾನಿಟರುಗಳು ನನ್ನ ಮೇಜಿನ ಮೇಲಿಂದ ಎದ್ದು ಹೋಗಿವೆ, ಡಿಸ್ಚಾರ್ಜ್ ಮಾಡುವಾಗ ಒಂದೇ ಒಂದು ಐಸಿಯೂ ಸತ್ತಿಲ್ಲ. ನಕ್ಕವರಲ್ಲಿ ಯಾರೂ ಹಾಗೆ ಹೇಳಿಕೊಳ್ಳಲಾರರು.

ಈ ಮಾನಿಟರುಗಳು ಬರುವುದು ಡೊಂಬಿವಲಿ, ಕಲ್ಯಾಣ, ಕುರ್ಲಾ ಕಡೆಯ ಮುಚ್ಚಿದ ಗೇಮ್ ಪಾರ್ಲರುಗಳಿಂದ. ತೊಂಬತ್ತರ ದಶಕದಲ್ಲಿ ಹುಡುಗರು ‘ಮುಸ್ತಫಾ’ ಎಂದು ಕರೆಯುತ್ತಿದ್ದ 1993ರ ಕ್ಯಾಪ್‌ಕಾಮ್ ಆಟ, ಅದರ ನಂತರ 1997ರ ಕಿಂಗ್ ಆಫ್ ಫೈಟರ್ಸ್ ಓಡುತ್ತಿದ್ದ ಪೆಟ್ಟಿಗೆಗಳವು. ಮುಲುಂದಿನ ಹೋಟೆಲಿನವರೊಬ್ಬರು ತಮ್ಮ ಹಳೆಯ ಪೆಟ್ಟಿಗೆಯನ್ನು ತೋರಿಸಿ, “ಅಲ್ಲ ಮಾರಾಯ್ರೆ, ಇದಕ್ಕೆ ಒಂದು ಎಲ್‌ಸಿಡಿ ಹಾಕಿದ್ರೆ ಮುಗೀತಲ್ಲ, ಯಾಕೆ ಇಷ್ಟು ತಲೆಬಿಸಿ?” ಎಂದರು. ಅವರ ಪೆಟ್ಟಿಗೆಯಲ್ಲಿ ಇದ್ದದ್ದು ಬಂದೂಕಿನ ಆಟ. ಆ ಕಾಲದ ಬಂದೂಕು ತೆರೆಯ ಮೇಲೆ ಓಡುವ ಕಿರಣದ ವೇಳೆಯನ್ನು ಹಿಡಿದು ಗುರಿ ಲೆಕ್ಕ ಹಾಕುವಂಥದ್ದು, ಎಲ್‌ಸಿಡಿಯ ಮುಂದೆ ಅದು ಬರೀ ಪ್ಲಾಸ್ಟಿಕ್. ಇಷ್ಟು ತಿಳಿದ ಮೇಲೆ ಅವರು ಮುಂಗಡ ಕೊಟ್ಟರು.

ಸ್ಕ್ರೂಡ್ರೈವರ್ ಪದ್ಧತಿಯ ತೊಂದರೆ ಜೀವಭಯವೊಂದೇ ಅಲ್ಲ, ಖರ್ಚು ಕೂಡ. ಇಪ್ಪತ್ತು ಇಂಚಿನ ಕಲರ್ ಟ್ಯೂಬಿನಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ಸಾವಿರ ವೋಲ್ಟ್ ನಿಂತಿರುತ್ತದೆ. ಅದನ್ನು ಒಮ್ಮೆಲೇ ಶಾರ್ಟ್ ಮಾಡಿದರೆ ಹರಿಯುವ ಕರೆಂಟು ಯಾವ ದಾರಿ ಹಿಡಿಯುತ್ತದೆ ಎಂಬುದು ಸ್ಕ್ರೂಡ್ರೈವರಿಗೆ ಕಟ್ಟಿದ ತಂತಿಯ ಇನ್ನೊಂದು ತುದಿಯ ಕ್ಲಿಪ್ಪನ್ನು ನಾವು ಎಲ್ಲಿ ಕಚ್ಚಿಸಿದ್ದೇವೆ ಎಂಬುದರ ಮೇಲೆ ನಿಂತಿದೆ. ಟ್ಯೂಬಿನ ಬೆನ್ನಿನ ಕಪ್ಪು ಲೇಪದ ಮೇಲೆ ಬಿಗಿದಿರುವ ಹೆಣೆದ ತಂತಿಗೆ ಕಚ್ಚಿಸಿದರೆ ಸರಿ. ಆದರೆ ಹೆಚ್ಚಿನವರು ಕೈಗೆ ಸಿಕ್ಕ ಕಬ್ಬಿಣದ ಫ್ರೇಮಿಗೆ ಕಚ್ಚಿಸುತ್ತಾರೆ. ಮುಂಬಯಿಯ ಉಪ್ಪುಗಾಳಿಯಲ್ಲಿ ಮೂವತ್ತು ವರ್ಷ ನಿಂತ ಫ್ರೇಮಿಗೂ ಆ ತಂತಿಗೂ ನಡುವೆ ತುಕ್ಕು ಬಿಟ್ಟರೆ ಬೇರೇನೂ ಉಳಿದಿರುವುದಿಲ್ಲ. ಆಗ ಆ ಕರೆಂಟು ಟ್ಯೂಬಿನ ಕುತ್ತಿಗೆಗೆ ಸಿಕ್ಕಿಸಿದ ನೆಕ್ ಬೋರ್ಡಿನ ಗ್ರೌಂಡಿನ ಮೂಲಕ, ವಿಡಿಯೋ ಸೆಕ್ಷನ್ನಿನೊಳಗಿಂದ ತನ್ನ ದಾರಿ ಹುಡುಕಿಕೊಳ್ಳುತ್ತದೆ. ಟಿವಿಯಲ್ಲಿ ಹೀಗೆ ಐಸಿ ಹೋದರೆ ಎಪ್ಪತ್ತು ಎಂಬತ್ತು ರೂಪಾಯಿಗೆ ಇನ್ನೊಂದು ಸಿಗುತ್ತಿತ್ತು. ಜಪಾನಿನ ಆರ್ಕೇಡ್ ಚಾಸಿಯ (ಮಾನಿಟರಿನ ಸರ್ಕ್ಯೂಟ್ ಬೋರ್ಡಿನ) ಐಸಿ ಹೋದರೆ ತರಿಸಿಕೊಳ್ಳಲು ಸಾವಿರದೈನೂರು, ಜೊತೆಗೆ ಒಂದು ತಿಂಗಳ ಕಾಯುವಿಕೆ. ಅಂಥ ಎರಡು ಬಿಲ್ಲುಗಳನ್ನು ಕಟ್ಟಿದ ಮೇಲೆಯೇ ಕೋಲಿನ ಯೋಚನೆ ಹುಟ್ಟಿದ್ದು.

ಮೊದಲ ಕೋಲಿನಲ್ಲಿ ಹತ್ತು ಮೆಗಾಓಮಿನ ಒಂದೇ ರೆಸಿಸ್ಟರ್ ಇತ್ತು. ಕಿಡಿ ಅದರ ಒಳಗೆ ಹೋಗಲೇ ಇಲ್ಲ, ಮೈಮೇಲೆ ಹರಿದು ಆಚೆ ಹಾರಿತು. ಎರಡನೆಯದರಲ್ಲಿ ಒಂದು ಮೆಗಾಓಮಿನ ಹತ್ತನ್ನು ಸಾಲಾಗಿ ಜೋಡಿಸಿದೆ, ಕೆಲವು ವಾರ ನಡೆಯಿತು, ಆಮೇಲೆ ನಡುವಿನದೊಂದು ಓಪನ್ ಆಯಿತು. ಈಗಿನದರಲ್ಲಿ ಅರ್ಧ ವ್ಯಾಟಿನ, ಒಂದು ಮೆಗಾಓಮಿನ ನಲವತ್ತು ರೆಸಿಸ್ಟರುಗಳು ಒಂದರ ಹಿಂದೆ ಒಂದು ನೇರ ಸಾಲಿನಲ್ಲಿವೆ. ಜಾಗ ಉಳಿಸಲೆಂದು ಮಡಚಿ ಮಡಚಿ ಜೋಡಿಸಿದರೆ ಸಾಲಿನಿಂದ ಸಾಲಿಗೆ ಕಿಡಿ ಹಾರುತ್ತದೆ, ಅದನ್ನೂ ಮಾಡಿ ನೋಡಿದ್ದೇನೆ. ಬೆಸುಗೆಯ ಚೂಪು ಬಾಲಗಳನ್ನು ಬಿಡದೆ ದುಂಡಗೆ ಮಾಡಬೇಕು. ಎರಡು ಅಡಿಗಿಂತ ಉದ್ದದ ಅಕ್ರಿಲಿಕ್ ಕೊಳವೆಯೊಳಗೆ ಇದೆಲ್ಲ ಕೂತಿದೆ, ತುದಿಯಿಂದ ಕೈ ಅಷ್ಟು ದೂರ ಉಳಿಯುವುದೂ ಒಳ್ಳೆಯದೇ. ಕ್ಲಿಪ್ಪಿಗೆ ಹೋಗುವ ತಂತಿಯನ್ನು ಸತ್ತ ಇಎಚ್‌ಟಿಯ (ಟ್ಯೂಬಿಗೆ ಹೈವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರಿನ) ಆನೋಡ್ ತಂತಿಯಿಂದ ಕತ್ತರಿಸಿಕೊಂಡೆ, ಅಷ್ಟು ವೋಲ್ಟೇಜು ತಡೆಯುವ ತಂತಿಯನ್ನು ಹೊಸದಾಗಿ ಕೊಳ್ಳುವುದೇಕೆ? ಎಲ್ಲ ಸೇರಿ ನೂರೈವತ್ತು ರೂಪಾಯಿಯೊಳಗೆ ಮುಗಿಯಿತು. ಇಪ್ಪತ್ತೈದು ಸಾವಿರ ವೋಲ್ಟಿಗೆ ಇದರಲ್ಲಿ ಹರಿಯುವುದು ಅರ್ಧ ಮಿಲಿಆಂಪಿಗಿಂತ ತುಸು ಹೆಚ್ಚು, ಒಂದು ಸೆಕೆಂಡಿನೊಳಗೆ ಟ್ಯೂಬು ಖಾಲಿ.

ಆದರೆ ಕೋಲೊಂದನ್ನೇ ನಂಬಬಾರದು. ಒಳಗಿನ ಒಂದು ರೆಸಿಸ್ಟರ್ ಕಡಿದಿದ್ದರೂ ಅದು ಮೌನವಾಗಿ ಸುಳ್ಳು ಹೇಳುತ್ತದೆ. ಆದ್ದರಿಂದ ನನ್ನ ಕ್ರಮ ಹೀಗಿದೆ: ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣಿಗೆ ಕಾಣುವಲ್ಲಿ ಇಡುತ್ತೇನೆ, ಉಂಗುರ ಗಡಿಯಾರ ತೆಗೆದು, ಕನ್ನಡಕ ಹಾಕಿ, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತೇನೆ. ಕ್ಲಿಪ್ಪು ಮೊದಲು ಹೆಣೆದ ತಂತಿಗೆ, ಆಮೇಲಷ್ಟೇ ಕೋಲಿನ ತುದಿ ರಬ್ಬರ್ ಟೋಪಿಯ ಅಡಿಗೆ, ಲೋಹ ತಾಗುವವರೆಗೆ. ನಾಲ್ಕೈದು ಸೆಕೆಂಡು ಹಿಡಿದು, ನಂತರ ರೆಸಿಸ್ಟರಿಲ್ಲದ ಎರಡನೆಯ ಕೋಲನ್ನು ಅದೇ ಜಾಗಕ್ಕೆ ತಾಗಿಸುತ್ತೇನೆ. ಅದರಲ್ಲಿ ಕಿಡಿ ಕಂಡರೆ ಮೊದಲ ಕೋಲು ಕೆಟ್ಟಿದೆ ಎಂದರ್ಥ. ಇಷ್ಟಾದರೂ ಹತ್ತು ಹದಿನೈದು ನಿಮಿಷ ಬಿಟ್ಟು ನೋಡಿದರೆ ಗಾಜಿನಲ್ಲಿ ಅಡಗಿದ್ದ ಒಂದಿಷ್ಟು ಚಾರ್ಜ್ ಮತ್ತೆ ಮೇಲೆ ಬಂದಿರುತ್ತದೆ, ಹಾಗಾಗಿ ಎಲ್ಲವನ್ನೂ ಇನ್ನೊಮ್ಮೆ ಮಾಡುತ್ತೇನೆ. ಟ್ಯೂಬನ್ನು ಪೆಟ್ಟಿಗೆಯಿಂದ ಇಳಿಸುವುದಿದ್ದರೆ ಆನೋಡಿನಿಂದ ಹೆಣೆದ ತಂತಿಗೆ ಒಂದು ತುಂಡು ತಂತಿಯನ್ನು ಸಿಕ್ಕಿಸಿಯೇ ಇಳಿಸುತ್ತೇನೆ. ಆ ಉಳಿದ ಚಾರ್ಜ್ ಮನುಷ್ಯನನ್ನು ಕೊಲ್ಲಲಿಕ್ಕಿಲ್ಲ, ಬೆಚ್ಚಿಬಿದ್ದು ಕೈಬಿಟ್ಟ ಟ್ಯೂಬಿನ ಕುತ್ತಿಗೆ ಮುರಿಯುವುದು ಮಾತ್ರ ಖಂಡಿತ.

ನಿಜವಾಗಿ ಹೆದರಬೇಕಾದ ಜಾಗ ಬೇರೆಯಿದೆ. ಟ್ಯೂಬಿನಲ್ಲಿರುವ ಶಕ್ತಿ ಅರ್ಧ ಜೌಲಿಗಿಂತ ಸ್ವಲ್ಪ ಹೆಚ್ಚು. ನೇರ 230 ವೋಲ್ಟಿನಲ್ಲಿ ನಡೆಯುವ ಚಾಸಿಯ ಮೇನ್ ಫಿಲ್ಟರ್ ಕೆಪಾಸಿಟರ್, ಅಂದರೆ 220 ಮೈಕ್ರೋಫ್ಯಾರಡಿನದು, ಸುಮಾರು 325 ವೋಲ್ಟಿಗೆ ತುಂಬಿದಾಗ ಹನ್ನೊಂದು ಹನ್ನೆರಡು ಜೌಲ್ ಹಿಡಿದಿರುತ್ತದೆ. ಸರಿಯಾಗಿ ನಡೆಯುವ ಸೆಟ್ಟನ್ನು ಆರಿಸಿದರೆ ಅದು ಬೇಗ ಇಳಿದುಹೋಗುತ್ತದೆ. ಸತ್ತ ಸೆಟ್ಟಿನಲ್ಲಿ, ಅದೂ ಸಪ್ಲೈ ಸ್ಟಾರ್ಟ್ ಆಗದೆ ನಿಂತಿದ್ದರೆ, ಅದನ್ನು ಇಳಿಸಲು ಯಾವ ದಾರಿಯೂ ಇರುವುದಿಲ್ಲ, ಮತ್ತು ರಿಪೇರಿಗೆ ಬರುವುದು ಸತ್ತ ಸೆಟ್ಟೇ ತಾನೆ. ಹೋಲ್ಡರಿಗೆ ಎರಡು ಪ್ರೋಬ್ ಕಟ್ಟಿದ ಅರವತ್ತು ವ್ಯಾಟಿನ ಹಳೆಯ ಬಲ್ಬನ್ನು ಅದರ ಕಾಲುಗಳಿಗೆ ಹಿಡಿಯುತ್ತೇನೆ. ಮಿಂಚಿದರೆ ಚಾರ್ಜ್ ಇತ್ತು ಎಂದು ಕಣ್ಣಿಗೇ ಕಾಣುತ್ತದೆ, ಆಮೇಲೆ ಮೀಟರಿನಲ್ಲಿ ಖಾತ್ರಿ ಮಾಡಿಕೊಳ್ಳುತ್ತೇನೆ. ಅದೇ ಮೀಟರನ್ನು ಆನೋಡಿಗೆ ಹಿಡಿದ ಗೆಳೆಯನೊಬ್ಬನಿಗೆ ಹೊಸ ಮೀಟರ್ ಕೊಳ್ಳಬೇಕಾಯಿತು.

ರಿಪೇರಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಅಮೆರಿಕದ ವೆಲ್ಸ್-ಗಾರ್ಡ್‌ನರ್ ಕೆ7000 ಅಥವಾ ಕೆನಡಾದ ಎಲೆಕ್ಟ್ರೋಹೋಮ್ ಜಿ07 ಮಾನಿಟರ್ ಸಿಕ್ಕವರು ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಕರೆಂಟ್ ಕೊಡಲೇಬಾರದು, ಅವುಗಳ ಚಾಸಿ ಮೇನ್ಸಿಗೆ ನೇರವಾಗಿ ಕೂಡಿಕೊಂಡಿದೆ. ಮೊದಲಿಗೆ ನೂರು ವ್ಯಾಟಿನ ಸೀರೀಸ್ ಬಲ್ಬು, ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್ ಬಿಚ್ಚಿಟ್ಟು ಬಿ ಪ್ಲಸ್‌ಗೆ (ಚಾಸಿಯ ಮುಖ್ಯ ಡಿಸಿ ವೋಲ್ಟೇಜಿಗೆ) ಇನ್ನೊಂದು ಬಲ್ಬಿನ ಲೋಡ್. ಕೆ7000ದಲ್ಲಿ 123, ಜಿ07ರಲ್ಲಿ 120 ವೋಲ್ಟ್ ಅಲುಗದೆ ನಿಂತ ಮೇಲೆಯೇ ಮುಂದಿನ ಮಾತು. ಹಣ ಸೋರುವುದು ಆ ಟ್ರಾನ್ಸಿಸ್ಟರಿನಲ್ಲಿ. ಇಪ್ಪತ್ತೈದು ರೂಪಾಯಿಯ ನಕಲಿ ಮಾಲು ಹತ್ತು ನಿಮಿಷ ಓಡಿ ಶಾರ್ಟ್ ಆಗುತ್ತದೆ, ಹೋಗುವಾಗ ಜೊತೆಗಾರರನ್ನೂ ಕರೆದುಕೊಂಡು ಹೋಗುತ್ತದೆ. ಅಸಲಿಯನ್ನು ಗುರುತಿಸುವ ನನ್ನದೇ ಒಂದು ಉಪಾಯವಿದೆ, ಅದನ್ನು ಇಲ್ಲಿ ಬರೆದರೆ ನಕಲಿ ಮಾಡುವವರೂ ಓದುತ್ತಾರೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು ಅಳೆದು ನೋಡುತ್ತ ಕೂರದೆ ಎಲ್ಲವನ್ನೂ ಬದಲಿಸುತ್ತೇನೆ, 105 ಡಿಗ್ರಿ ಬಿಸಿ ತಡೆಯುವವನ್ನೇ ಹಾಕುತ್ತೇನೆ. ಒಂದು ಚಾಸಿಗೆ ಮುನ್ನೂರರಿಂದ ನಾನೂರು ರೂಪಾಯಿ ಬೀಳುತ್ತದೆ. ತೆರೆಯ ನಡುವೆ ಅಡ್ಡಗೆರೆಯೊಂದೇ ಉಳಿದಿದ್ದರೆ ವರ್ಟಿಕಲ್ ಐಸಿಯನ್ನು ಕೊಳ್ಳುವ ಮೊದಲು ಯೋಕಿನ (ಕಿರಣವನ್ನು ತಿರುಗಿಸುವ, ಟ್ಯೂಬಿನ ಕುತ್ತಿಗೆಯ ಸುರುಳಿಯ) ಕನೆಕ್ಟರಿನಲ್ಲಿ ಡ್ರೈ ಸೋಲ್ಡರ್, ಅಂದರೆ ಬಿಟ್ಟುಹೋದ ಬೆಸುಗೆ, ಇದೆಯೇ ನೋಡಿ, ಅರ್ಧದಷ್ಟು ಸಲ ತೊಂದರೆ ಅಲ್ಲೇ ಇರುತ್ತದೆ.

ಜುಲೈ ತಿಂಗಳಲ್ಲಿ ಆನೋಡಿನ ಸುತ್ತ ‘ಸುಯ್’ ಎನ್ನುವ ಸದ್ದು ಬರುತ್ತದೆಂಬ ದೂರು ಪ್ರತಿ ವರ್ಷವೂ ಇರುತ್ತದೆ. ಟೋಪಿಯ ಅಡಿಯ ಧೂಳು ಮಳೆಗಾಲದ ತೇವ ಕುಡಿದು ಕರೆಂಟಿಗೆ ದಾರಿ ಬಿಡುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಗಾಳಿ ಹಾಯಿಸಿದರೆ ಸಾಕು, ಇಎಚ್‌ಟಿ ಬದಲಿಸಿ ಎರಡು ಸಾವಿರ ಕಳೆದುಕೊಳ್ಳಬೇಕಿಲ್ಲ. ಅದೇ ತೇವದಿಂದ ಒಂದು ಟ್ಯೂಬಿನ ಬೆನ್ನಿನ ಕಪ್ಪು ಲೇಪ ಹಪ್ಪಳ ಹಪ್ಪಳವಾಗಿ ಎದ್ದು ಬಂತು. ಪೆನ್ಸಿಲಿನ ಗ್ರಾಫೈಟನ್ನು ಅರೆದು ಫೆವಿಕಾಲಿನಲ್ಲಿ ಕಲಸಿ ಬಳಿದು ನೋಡಿದೆ. ನೋಡಲು ಚೆನ್ನಾಗಿತ್ತು, ಅಳೆದರೆ ಕರೆಂಟನ್ನೇ ಹರಿಯಗೊಡುತ್ತಿರಲಿಲ್ಲ, ಒಣಗಿದ ಮೇಲೆ ಉದುರಿತು. ಕೊನೆಗೆ ಸಿದ್ಧ ಗ್ರಾಫೈಟ್ ಬಣ್ಣವನ್ನೇ ತರಿಸಿದೆ. ಮಸುಕಾದ ಟ್ಯೂಬಿಗೆ ಇಎಚ್‌ಟಿಯ ಕೋರಿನ ಮೇಲೆ ಒಂದು ಸುತ್ತು ತಂತಿ ಹೆಚ್ಚು ಹಾಕಿ ಹೀಟರಿನ 6.3 ವೋಲ್ಟನ್ನು ಏರಿಸುವ ಹಳೆಯ ಕಸರತ್ತನ್ನೂ ಮಾಡಿದ್ದೇನೆ. ಕೆಲವು ತಿಂಗಳು ಬೆಳಗುತ್ತದೆ, ಮಾರುವ ಮಾಲಿಗೆ ನಾನು ಅದನ್ನು ಮಾಡುವುದಿಲ್ಲ.

ಅದರ ಬದಲು ಟ್ಯೂಬನ್ನೇ ಬದಲಿಸುತ್ತೇನೆ. ಇಲ್ಲಿನ ಇಪ್ಪತ್ತು ಇಂಚಿನ ಟಿವಿ ಟ್ಯೂಬು ಆರ್ಕೇಡ್ ಚಾಸಿಗೆ ಕೂರುವುದೇ ಇಲ್ಲ ಎಂದು ಎಲ್ಲರೂ ಹೇಳಿದ್ದರು. ಟಿವಿಯ ಯೋಕನ್ನು ಹಾಗೆಯೇ ಇಟ್ಟರೆ ಕೂರುವುದಿಲ್ಲ, ನಿಜ. ಟಿವಿಯ ಯೋಕನ್ನು ಕಳಚಿ, ಆರ್ಕೇಡಿನದನ್ನೇ ಹೊಸ ಟ್ಯೂಬಿಗೆ ಏರಿಸಬೇಕು. ಕುತ್ತಿಗೆಯ ದಪ್ಪ, ಅಂದರೆ 29.1 ಮಿಲಿಮೀಟರೋ 22.5ರದೋ ಎಂಬುದು, ಮತ್ತು ಡಿಫ್ಲೆಕ್ಷನ್ ಕೋನ ಎರಡೂ ಹೊಂದಬೇಕು, ಬೇಸಿನ ಪಿನ್ನುಗಳನ್ನು ನೋಡಿಕೊಳ್ಳಬೇಕು. ಆಮೇಲೆ ಬಣ್ಣಗಳನ್ನು ಸರಿಹೊಂದಿಸುವ ಪ್ಯೂರಿಟಿ ಮತ್ತು ಕನ್ವರ್ಜೆನ್ಸ್ ರಿಂಗುಗಳ ಜೊತೆ ಒಂದು ಇಡೀ ಸಂಜೆ ಕೂರುವ ತಾಳ್ಮೆ ಬೇಕು. ಭಂಗಾರದವರ, ಅಂದರೆ ಗುಜರಿಯವರ, ಬಳಿ ಒಳ್ಳೆಯ ಟ್ಯೂಬಿರುವ ಟಿವಿ ಮುನ್ನೂರು ರೂಪಾಯಿಗೆ ಸಿಗುತ್ತದೆ. ಯಾವ ಗಲ್ಲಿಯಲ್ಲಿ ಎಂದು ಮಾತ್ರ ಕೇಳಬೇಡಿ.

ಒಂದು ಮಾನಿಟರಿಗೆ ಎಲ್ಲ ಸೇರಿ ಎರಡರಿಂದ ಎರಡೂವರೆ ಸಾವಿರ ಖರ್ಚು, ನಾನು ತೆಗೆದುಕೊಳ್ಳುವುದು ಏಳು ಸಾವಿರದ ಆಸುಪಾಸು, ಅರ್ಧ ಮೊದಲೇ. ಒಪ್ಪಿಸುವ ಮೊದಲು ಒಂದು ಇಡೀ ದಿನ ಓಡಿಸಿ, ನಡುನಡುವೆ ಬಿ ಪ್ಲಸ್ ನೋಡುತ್ತೇನೆ. ಟೆಂಪೋಗೆ ಏರಿಸುವಾಗ ಮತ್ತೆ ಎರಡೂ ಕೋಲುಗಳ ಪ್ರಯೋಗ ಆಗಲೇಬೇಕು. ಚಾಸಿಗೆ ಆರು ತಿಂಗಳ ಗ್ಯಾರಂಟಿ ಕೊಡುತ್ತೇನೆ, ಟ್ಯೂಬಿಗೆ ಕೊಡುವುದಿಲ್ಲ, ಗಿರಾಕಿಯ ಮೆಕ್ಯಾನಿಕ್ ಸ್ಕ್ರೂಡ್ರೈವರ್ ತೂರಿಸಿದ್ದು ಕಂಡರೆ ಚಾಸಿಗೂ ಇಲ್ಲ.