ಬಾಗಿಲ ಮೇಲಿನ ಪೆನ್ಸಿಲ್ ಗೆರೆ: ಬೆಳೆಯುವ ಮಕ್ಕಳನ್ನು ಅಳೆಯುವುದು ಹೇಗೆ

ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಷನ್ ನನ್ನ ಕೆಲಸ. ವರ್ನಿಯರ್ ಹಿಡಿದೇ ತಲೆ ನರೆತಿದೆ. ಆದರೂ ಮಗನ ಎತ್ತರ ಅಳೆಯುವಾಗ ಎಡವಿದೆ. ಒಂದು ಭಾನುವಾರ ಸಂಜೆ ಅಳೆದೆ. ಮುಂದಿನ ತಿಂಗಳು ಬೆಳಿಗ್ಗೆ ಅಳೆದರೆ ಒಂದೂವರೆ ಸೆಂ.ಮೀ. ಜಾಸ್ತಿ! ಖುಷಿಯೋ ಖುಷಿ. ಅದರ ಮುಂದಿನ ತಿಂಗಳು ಸಂಜೆ ನೋಡಿದರೆ ಹುಡುಗ ಗಿಡ್ಡ ಆಗಿದ್ದ.

ತಪ್ಪು ಅವನದಲ್ಲ. ಬೆನ್ನುಮೂಳೆಗಳ ನಡುವಿನ ಮೆತ್ತೆಗಳು ಹಗಲೆಲ್ಲ ಭಾರ ಹೊತ್ತು ತೆಳುವಾಗುತ್ತವೆ. ಸಂಜೆಗೆ ಒಂದು ಸೆಂ.ಮೀ.ವರೆಗೂ ಎತ್ತರ ಇಳಿಯುತ್ತದೆ. ಒಂದು ತಿಂಗಳಲ್ಲಿ ಮಗು ಬೆಳೆಯುವುದೇ ಅಷ್ಟಿಲ್ಲ!

ಆಮೇಲೆ ಎಸ್‌.ಪಿ. ರೋಡ್‌ಗೆ ಹೋಗಿ ಸ್ಟೀಲ್ ಟೇಪ್, ಬಡಗಿಯ ಮೂಲೆಮಟ್ಟ ತಂದೆ. ಟೈಲರ್ ಟೇಪ್ ಬೇಡ, ಎಳೆದರೆ ಹಿಗ್ಗುತ್ತದೆ. ಗೋಡೆಯೂ ಬೇಡ. ಕೆಳಗಿನ ಸ್ಕರ್ಟಿಂಗ್ ಟೈಲ್ಸ್ ಹಿಮ್ಮಡಿಯನ್ನು ಮುಂದಕ್ಕೆ ತಳ್ಳುತ್ತದೆ. ಚಿಲಕ ಹಾಕಿದ ನುಣುಪಾದ ಬಾಗಿಲಿಗೆ ಬರಿಗಾಲಲ್ಲಿ ನಿಲ್ಲಿಸಿ. ಹಿಮ್ಮಡಿ, ಕುಂಡಿ, ಬೆನ್ನು ತಾಗಲಿ. ಕಣ್ಣಿನ ಗುಳಿಯ ಕೆಳ ಅಂಚು ಮತ್ತು ಕಿವಿಯ ತೂತು ಒಂದೇ ಮಟ್ಟದಲ್ಲಿರಬೇಕು. ಇದನ್ನು ಜನ ಮರೆಯುತ್ತಾರೆ, ಗಲ್ಲ ಎತ್ತಿಸಿ ಅಳೆಯುತ್ತಾರೆ. ಹೆಣ್ಣುಮಕ್ಕಳ ಜಡೆ, ಕ್ಲಿಪ್ಪು ಬಿಚ್ಚಿಸಿ. ಮೂಲೆಮಟ್ಟವನ್ನು ನೆತ್ತಿಗೆ ಒತ್ತಿ ಗೆರೆ ಎಳೆಯಿರಿ. ಮಗುವನ್ನು ಆಚೆ ಕಳಿಸಿ, ಮತ್ತೆ ಕರೆದು, ಮೂರು ಸಲ ಅಳೆಯಿರಿ. ಮಧ್ಯದ ರೀಡಿಂಗ್ ಬರೆದುಕೊಳ್ಳಿ.

ನಮ್ಮ ಮನೆಯಲ್ಲಿ ಅಳತೆ ಜನವರಿ 26 ಮತ್ತು ಆಗಸ್ಟ್ 15ರ ಬೆಳಿಗ್ಗೆ 7 ಗಂಟೆಗೆ, ಮಕ್ಕಳು ಧ್ವಜ ಹಾರಿಸಲು ಸ್ಕೂಲಿಗೆ ಹೋಗುವ ಮುಂಚೆ. ಮರೆಯುವ ಪ್ರಶ್ನೆಯೇ ಇಲ್ಲ. ಫ್ರಾನ್ಸಿನ ಮೊಂಬೆಯಾರ್ ಎಂಬಾತ 1759ರಲ್ಲಿ ಹುಟ್ಟಿದ ಮಗನನ್ನು ಸುಮಾರು ಆರು ತಿಂಗಳಿಗೊಮ್ಮೆ ಅಳೆಯುತ್ತಾ, 18 ವರ್ಷದವರೆಗೂ ಲೆಕ್ಕ ಇಟ್ಟಿದ್ದ. ನನಗಿಂತ ತಾಳ್ಮೆಯ ಅಪ್ಪ.

ನೋಡಬೇಕಾದದ್ದು ಎತ್ತರವನ್ನಲ್ಲ, ವೇಗವನ್ನು. ಮಗ ಜನವರಿಯಲ್ಲಿ 148.1, ಆಗಸ್ಟ್‌ನಲ್ಲಿ 152.3. 201 ದಿನಕ್ಕೆ 4.2 ಸೆಂ.ಮೀ. ಅದನ್ನು 365ರಿಂದ ಗುಣಿಸಿ 201ರಿಂದ ಭಾಗಿಸಿದರೆ ವರ್ಷಕ್ಕೆ 7.6. ಹರೆಯಕ್ಕೆ ಮುಂಚೆ ಶಾಲೆಯ ಮಕ್ಕಳು ವರ್ಷಕ್ಕೆ 5–6 ಸೆಂ.ಮೀ. ಬೆಳೆಯುತ್ತಾರೆ. ಇವನು ಗೇರ್ ಬದಲಿಸಿದ್ದಾನೆ, ಹರೆಯಕ್ಕೆ ಕಾಲಿಟ್ಟಿದ್ದಾನೆ ಅಂತ ಅರ್ಥ. ಜೋರಾದ ಕಾಲದಲ್ಲಿ ಹುಡುಗಿಯರು ಸುಮಾರು 8, ಹುಡುಗರು 9–10 ಸೆಂ.ಮೀ.ವರೆಗೂ ಹೋಗುತ್ತಾರೆ. ಹುಡುಗಿಯರಿಗೆ ಅದು ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ಸ್ಕೂಲ್ ಶೂ ಅದಕ್ಕಿಂತ ಮುಂಚೆ ಚಿಕ್ಕದಾಗುತ್ತದೆ, ಪಾದ ಮೊದಲು ಓಡುತ್ತದಲ್ವಾ.

ಹಾರ್ಮೋನ್ ವಿಷಯಕ್ಕೆ ಬರೋಣ. ಒಂದು ಲ್ಯಾಬಿನವರು ಹಾರ್ಮೋನ್ ಟೆಸ್ಟ್ ಪ್ಯಾಕೇಜ್ ಇದೆ ಅಂದರು, ನಾನು ಮಗನನ್ನು ಸಂಜೆ 4ಕ್ಕೆ ಕರೆದುಕೊಂಡು ಹೋಗಿ ರಕ್ತ ಕೊಡಿಸಿದೆ. ಮಕ್ಕಳ ಡಾಕ್ಟರು ರಿಪೋರ್ಟ್ ನೋಡಿ ನಕ್ಕರು. ಹರೆಯದ ಶುರುವಿನ ಹಂತದಲ್ಲಿ ಹಾರ್ಮೋನ್‌ಗೆ ಮೆದುಳು ಕೊಡುವ ಸಂಕೇತ ಹೆಚ್ಚಾಗಿ ರಾತ್ರಿ, ಬಿಟ್ಟು ಬಿಟ್ಟು ಬರುತ್ತದಂತೆ. ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ಬೆಳಿಗ್ಗೆ ಏರಿ ಆಮೇಲೆ ಇಳಿಯುತ್ತದೆ. ಸಂಜೆಯ ಒಂದು ಟ್ಯೂಬ್ ರಕ್ತ ನಂಬುವುದು, ಒಂದು ಪೀಸ್ ನೋಡಿ ಇಡೀ ಲಾಟ್ ಪಾಸ್ ಮಾಡಿದ ಹಾಗೆ. ಆರೋಗ್ಯವಾಗಿರುವ ಮಕ್ಕಳಿಗೆ ಸುಮ್ನೆ ಸೂಜಿ ಚುಚ್ಚಿಸಬೇಡಿ.

ಮೈಯೇ ಮೀಟರ್. ಹುಡುಗಿಯರಲ್ಲಿ ಸಾಮಾನ್ಯವಾಗಿ ಹರೆಯದ ಮೊದಲ ಗುರುತು ಎದೆಯಲ್ಲಿ ಸಣ್ಣ ಗಂಟು, ಒಂದೇ ಕಡೆ ಮೊದಲು ಬಂದರೂ ಗಾಬರಿ ಬೇಡ. ಅದಾಗಿ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮುಟ್ಟು. 'ದೊಡ್ಡವಳಾದ ಮೇಲೆ ಬೆಳೆಯಲ್ಲ' ಅನ್ನುತ್ತಾರೆ ನಮ್ಮ ಅತ್ತೆ. ಅರ್ಧ ನಿಜ. ವೇಗ ಇಳಿದಿರುತ್ತದೆ, ಆದರೂ ಇನ್ನೂ 5–7 ಸೆಂ.ಮೀ. ಬಾಕಿ ಇರುತ್ತದೆ. ಹುಡುಗರಲ್ಲಿ ಮೊದಲು ದೊಡ್ಡದಾಗುವುದು ವೃಷಣ. ಅದನ್ನು ಅಳೆಯಲು ಡಾಕ್ಟರ ಹತ್ತಿರ 1ರಿಂದ 25 ಮಿ.ಲೀ.ವರೆಗಿನ 12 ಮಣಿಗಳ ಸರವಿದೆ, ಜಪಮಾಲೆಯ ಹಾಗೆ. 4 ಮಿ.ಲೀ. ಮಣಿಯಷ್ಟಾದರೆ ಶುರು ಅಂತ ಲೆಕ್ಕ. ಪೀಸ್ ಪಾಸೋ ಫೇಲೋ ಅಂತಷ್ಟೇ ಹೇಳುವ ನಮ್ಮ 'ಗೋ–ನೋ ಗೋ' ಗೇಜ್ ನೆನಪಾಗಿ ನನಗೆ ನಗು ಬಂತು. ಮನೆಯಲ್ಲಿ ಇದೆಲ್ಲ ಮಾಡಲು ಹೋಗಬೇಡಿ. ಕಂಕುಳ ಬೆವರಿನ ವಾಸನೆ ಒಂದನ್ನೇ ನಂಬಲೂ ಬೇಡಿ, ಅದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಬೇರೆ ಕಥೆ.

ಮಗಳ ಮುಟ್ಟಿನ ತಾರೀಖುಗಳ ಪುಸ್ತಕ ಅವಳ ಹತ್ತಿರವೇ ಇದೆ. ಅವಳು ಅಮ್ಮನಿಗೆ ತೋರಿಸುತ್ತಾಳೆ, ನಾನು ಕೇಳುವುದಿಲ್ಲ.

ಹುಡುಗಿಗೆ 8, ಹುಡುಗನಿಗೆ 9 ತುಂಬುವ ಮೊದಲೇ ಗುರುತು ಕಂಡರೆ ಡಾಕ್ಟರನ್ನು ನೋಡಿ. ಹುಡುಗಿಗೆ 13, ಹುಡುಗನಿಗೆ 14 ದಾಟಿದರೂ ಏನೂ ಕಾಣದಿದ್ದರೆ, 15 ಆದರೂ ಮುಟ್ಟು ಬಾರದಿದ್ದರೆ, ಬೆಳೆಯುವ ವಯಸ್ಸಲ್ಲಿ ವೇಗ ವರ್ಷಕ್ಕೆ 4 ಸೆಂ.ಮೀ.ಗಿಂತ ಕಡಿಮೆಯಾದರೂ ಅಷ್ಟೇ. ಅಳತೆಯ ಪುಸ್ತಕ ತೆಗೆದುಕೊಂಡು ಹೋಗಿ. ಅಪ್ಪ ಅಮ್ಮನ ಎತ್ತರವನ್ನೂ ಕೇಳುತ್ತಾರೆ. ನನ್ನದು 170, ಹೆಂಡತಿಯದು 153. ಎರಡನ್ನೂ ಕೂಡಿಸಿ, ಮಗನಿಗೆ 13 ಸೇರಿಸಿ, ಮಗಳಿಗೆ 13 ಕಳೆದು, ಅರ್ಧ ಮಾಡಿದರೆ, ದೊಡ್ಡವರಾದಾಗ ನಿರೀಕ್ಷಿಸಬಹುದಾದ ಎತ್ತರ ಅವನಿಗೆ 168, ಅವಳಿಗೆ 155. ಟಾಲರೆನ್ಸ್, ಅಂದರೆ ಆಚೀಚೆ ಆಗಬಹುದಾದ ವ್ಯತ್ಯಾಸ, ಮಾತ್ರ ಏಳೆಂಟು ಸೆಂ.ಮೀ. ಪೀಣ್ಯದಲ್ಲಿ ಇಷ್ಟು ಸಡಿಲ ಬಿಟ್ಟರೆ ಕೆಲಸದಿಂದ ಕಿತ್ತುಹಾಕುತ್ತಾರೆ.